ಹದಿನೇಳನೆಯ ಮಾದರಿ

ಅರಂತೋಡು, ಸುಳ್ಯ ತಾಲೂಕು
12 ಅಕ್ಟೋಬರ್ 2022

ಗಾನಶ್ರೀ ಮೇಡಂ ಅವರಿಗೆ ದಮಯಂತಿಯ ನಮಸ್ಕಾರ.

ಈ ಪೆಟ್ಟಿಗೆಯಲ್ಲಿ ಮೂರು ಕೊಳವೆಗಳಿವೆ. ಹದಿನಾಲ್ಕು, ಹದಿನೈದನೆಯ ಮಾದರಿ ಚಿಪ್ಪುಹಂದಿಯ ಹಿಕ್ಕೆ. ಹದಿನಾರು, ಬಿಲದ ಬಾಯಲ್ಲಿ ಬಿದ್ದಿದ್ದ ಒಂದು ಚಿಪ್ಪು. ಕೈಗೆ ಗ್ಲೌಸ್ ಹಾಕಿಯೇ ಎತ್ತಿದ್ದೇನೆ. ಸ್ಥಳ, ದಿನಾಂಕ ಫಾರಂನಲ್ಲಿ ಉಂಟು.

ನಿಮ್ಮ ಫಾರಂನಲ್ಲಿ ಷರಾ ಬರೆಯಲು ಒಂದೇ ಗೆರೆ ಇದೆ. ನನ್ನ ಷರಾ ಒಂದು ಗೆರೆಯಲ್ಲಿ ಮುಗಿಯುವುದಿಲ್ಲ, ಅದಕ್ಕೆ ಈ ಕಾಗದ. ನಮ್ಮಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡೆ ಹತ್ತಬೇಕು. ಹತ್ತಿ ಮುಗಿಯುವಷ್ಟರಲ್ಲಿ ಹೇಳಬೇಕಾದದ್ದು ಮರೆತಿರುತ್ತದೆ.

ಹನ್ನೊಂದು ವರ್ಷ ನರ್ಸರಿಯಲ್ಲಿ ಸಸಿಗಳಿಗೆ ಮಣ್ಣು ತುಂಬಿಸಿದವಳು ನಾನು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಯಾರೂ ನನಗೆ ಏನನ್ನೂ ಕಲಿಸಿರಲಿಲ್ಲ. ಬೇಸಿಗೆಯಲ್ಲಿ ನೀವು ಬಂದು ಎರಡು ದಿನ ಕಲಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಪ್ರಾಣಿಯ ಮೈಯ ಪ್ರತಿಯೊಂದು ಕಣದಲ್ಲೂ ಅದರ ಇಡೀ ವಂಶದ ವಿವರ ಇರುತ್ತದೆ. ಅದಕ್ಕೆ ಜೀನೋಮ್ ಎಂದು ಹೆಸರು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಇಟ್ಟರೆ, ಮುಂದೆ ಎಲ್ಲಿ ಒಂದು ಚಿಪ್ಪು ಸಿಕ್ಕಿದರೂ ಅದು ಯಾವ ಗುಡ್ಡದ ಪ್ರಾಣಿಯದ್ದು ಎಂದು ಹೇಳಬಹುದು. ಸರಿ ಉಂಟಲ್ಲ?

ಮನೆಯಲ್ಲಿ ತಮ್ಮ ಜಯಪ್ರಕಾಶ ನಗುತ್ತಾನೆ. "ಅಕ್ಕ, ಹಿಕ್ಕೆ ಹೆಕ್ಕಿ ಹೈದರಾಬಾದಿಗೆ ಕಳಿಸುದು! ಅಲ್ಲಿ ಎಂತ ಹಿಕ್ಕೆ ಇಲ್ವಾ?" ಎನ್ನುತ್ತಾನೆ. ಆದರೂ ಪೆಟ್ಟಿಗೆಯನ್ನು ತನ್ನ ಜೀಪಿನಲ್ಲಿ ಸುಳ್ಯದ ಅಂಚೆ ಕಚೇರಿಗೆ ಮುಟ್ಟಿಸುವವನು ಅವನೇ. ಅವನಿಗೆ ನಾಲ್ಕು ವರ್ಷವಿದ್ದಾಗ ಅಮ್ಮ ಹೋದರು. ಎತ್ತಿ ಬೆಳೆಸಿದವಳು ನಾನು. ಹಾಗಾಗಿ ನಗುವ ಅಧಿಕಾರ ಅವನಿಗೆ ಉಂಟು.

ಇತಿ,
ದಮಯಂತಿ

*

ಹೈದರಾಬಾದ್
2 ನವೆಂಬರ್ 2022

ದಮಯಂತಿ ಅಕ್ಕ,

ಮೇಡಂ ಬೇಡ. ನಾನು ನರಿಮೊಗರಿನ ಹುಡುಗಿ, ನಿಮಗಿಂತ ಹದಿನೈದು ವರ್ಷ ಚಿಕ್ಕವಳು.

ಮೂರೂ ಮಾದರಿಗಳು ಚೆನ್ನಾಗಿ ಬಂದಿವೆ. ಸಂಪಾಜೆ ಘಾಟಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿದ್ದ ಹೆಣ್ಣನ್ನು ನೀವು ಐಸಿನಲ್ಲಿಟ್ಟು ಕಳಿಸಿದ್ದಿರಲ್ಲ, ಅದರ ಜೀನೋಮ್ ಪೂರ್ತಿ ಓದಿ ಆಗುತ್ತ ಬಂತು. ಉಳಿದ ಮಾದರಿಗಳನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದರೆ ಯಾವುದು ಯಾವುದರ ಮರಿ, ಯಾವುದು ಯಾವುದರ ಅಣ್ಣತಮ್ಮ ಎಂಬುದು ತಿಳಿಯುತ್ತದೆ. ನಿಮ್ಮ ಮನೆಯ ಹಿಂದಿನ ಗುಡ್ಡೆಯ ಒಂಬತ್ತನೆಯ ಮಾದರಿ ಗಂಡಿನದ್ದು.

ಇಲ್ಲಿ ಪ್ರಯೋಗಾಲಯದ ಯಂತ್ರಗಳು ದೊಡ್ಡವು, ಆದರೆ ಅವಕ್ಕೆ ಕಾಡು ಗೊತ್ತಿಲ್ಲ. ಸ್ಥಳ ಎಂದು ನೀವು ಏನು ಬರೆಯುತ್ತೀರೋ ಅದನ್ನೇ ನಂಬುತ್ತವೆ.

ಕಾಗದ ಬರೆಯುತ್ತಿರಿ. ಈ ಊರಿನಲ್ಲಿ ಕನ್ನಡ ಓದಲು ನನಗೆ ಇರುವುದು ನಿಮ್ಮ ಅಕ್ಷರ ಒಂದೇ.

ನಿಮ್ಮ,
ಗಾನಶ್ರೀ

*

ಅರಂತೋಡು
9 ಜನವರಿ 2023

ಗಾನಶ್ರೀ ಅವರಿಗೆ,

ಹದಿನೇಳನೆಯ ಮಾದರಿ ಕಳಿಸಿದ್ದೇನೆ. ಹಿಕ್ಕೆ. ಸಣ್ಣ ಪ್ರಾಣಿ ಇರಬೇಕು. ಸ್ಥಳ: ಕಡಬ ತಾಲೂಕಿನ ಇಚಿಲಂಪಾಡಿ, ನನ್ನ ಚಿಕ್ಕಮ್ಮನ ಮನೆಯ ಹಿಂದಿನ ಗುಡ್ಡೆ. ಜಿಪಿಎಸ್ ಯಂತ್ರ ಕೆಲಸ ಮಾಡಲಿಲ್ಲ, ಅಂದಾಜಿನಿಂದ ಬರೆದಿದ್ದೇನೆ.

ದಮಯಂತಿ

*

ಹೈದರಾಬಾದ್
21 ಮಾರ್ಚ್ 2023

ದಮಯಂತಿ ಅಕ್ಕ,

ಜನವರಿಯ ಆ ನಾಲ್ಕು ಸಾಲಿನ ನಂತರ ನಿಮ್ಮಿಂದ ಸುದ್ದಿಯೇ ಇಲ್ಲ. ಡಿಸೆಂಬರಿನಲ್ಲಿ ಬರುತ್ತೇನೆಂದು ಹೇಳಿ ಬರಲಿಲ್ಲವೆಂದು ಸಿಟ್ಟೇ? ಸಿಟ್ಟಿದ್ದರೆ ನ್ಯಾಯವೇ. ಪ್ರಬಂಧ ಮುಗಿಸುವ ಒತ್ತಡದಲ್ಲಿ ಅಮ್ಮನ ಹತ್ತಿರವೂ ಸರಿಯಾಗಿ ಮಾತಾಡಿಲ್ಲ.

ಆದರೆ ಕೇಳಿ, ಹದಿನೇಳು ನಮ್ಮೆಲ್ಲರನ್ನೂ ಬೆರಗುಗೊಳಿಸಿದೆ. ಅದರ ತಂದೆ ಯಾರು ಗೊತ್ತೇ? ನಿಮ್ಮ ಗುಡ್ಡೆಯ ಒಂಬತ್ತು! ಅರಂತೋಡಿನ ಗಂಡು ಇಚಿಲಂಪಾಡಿಯಲ್ಲಿ ಮರಿಗೆ ತಂದೆಯಾಗಬೇಕಾದರೆ ಎಷ್ಟು ಕಾಡು, ಹೊಳೆ, ರಸ್ತೆ ದಾಟಿರಬೇಕು! ಚಿಪ್ಪುಹಂದಿ ಇಷ್ಟು ದೂರ ನಡೆಯುತ್ತದೆಂದು ನಾವು ಎಣಿಸಿರಲಿಲ್ಲ. ಪ್ರಬಂಧದ ಮುಖ್ಯ ಮಾತೇ ಇದಾಗಲಿದೆ.

ಒಂದೇ ಒಂದು ಸಲ ಕೇಳುತ್ತೇನೆ, ಸ್ಥಳ ಸರಿ ಇದೆಯಲ್ಲ? ಬದಲಾವಣೆ ಇದ್ದರೆ ಮಾತ್ರ ಬರೆಯಿರಿ. ಬರೆಯದಿದ್ದರೆ ಸರಿ ಎಂದುಕೊಳ್ಳುತ್ತೇನೆ.

ಗಾನಶ್ರೀ

*

ಹೈದರಾಬಾದ್
19 ಆಗಸ್ಟ್ 2023

ಪ್ರೀತಿಯ ದಮಯಂತಿ ಅಕ್ಕ,

ಇದನ್ನು ನಿಮಗೆ ಮೊದಲು ತಿಳಿಸಬೇಕೆಂದು ಕೂತಿದ್ದೇನೆ.

ಜೂನ್ ಕೊನೆಯಲ್ಲಿ ಹೆದ್ದಾರಿಯಲ್ಲಿ ಒಂದು ಕಾರಿನಿಂದ ಚಿಪ್ಪುಗಳ ಚೀಲ ಹಿಡಿದಿದ್ದರು. ಸಾಗಿಸುತ್ತಿದ್ದವನು ಬಾಯಿ ಬಿಡಲಿಲ್ಲ. ಅರಣ್ಯ ಇಲಾಖೆಯವರು ಚಿಪ್ಪುಗಳನ್ನು ನಮಗೆ ಕಳಿಸಿದರು. ಎಲ್ಲವೂ ಒಂದೇ ಪ್ರಾಣಿಯವು, ಹೆಣ್ಣು. ನಮ್ಮ ಪಟ್ಟಿಗೆ ಹೋಲಿಸಿದೆವು. ಅದು ಹದಿನೇಳರ ತಾಯಿ.

ಇಚಿಲಂಪಾಡಿಯ ಗುಡ್ಡೆ ಎಂದು ನಾನೇ ವರದಿ ಬರೆದುಕೊಟ್ಟೆ. ಆ ಗುಡ್ಡೆಯ ಬುಡದಲ್ಲೇ ಮನೆಯಿರುವ ಒಬ್ಬನನ್ನು ಹಿಡಿದಿದ್ದಾರಂತೆ. ಮಣ್ಣು ಅಗೆಯುವ ಹಾರೆ, ಪಿಕಾಸಿ, ಬುಟ್ಟಿ ಎಲ್ಲ ಅವನ ಮನೆಯಲ್ಲಿ ಸಿಕ್ಕಿತಂತೆ.

ನೀವು ಹೆಕ್ಕಿದ ಒಂದು ಹಿಡಿ ಹಿಕ್ಕೆ ಒಂದು ಕೊಲೆಗೆ ಸಾಕ್ಷಿ ಹೇಳಿತು. ನಿಮ್ಮ ತಮ್ಮ ಇನ್ನು ನಗಲಾರ.

ನಿಮ್ಮ,
ಗಾನಶ್ರೀ

*

ಅರಂತೋಡು
3 ಸೆಪ್ಟೆಂಬರ್ 2023

ಗಾನಶ್ರೀ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ಅದಕ್ಕೂ ಮೊದಲೇ ಚಿಕ್ಕಮ್ಮ ಹೇಳಿ ನನಗೆ ಸುದ್ದಿ ಗೊತ್ತಿತ್ತು. ಗೊತ್ತಿದ್ದೂ ನರ್ಸರಿಗೆ ಹೋದೆ, ಬಂದೆ, ಉಂಡೆ. ಇದನ್ನೂ ಬರೆಯಬೇಕು.

ಹಿಡಿದದ್ದು ಕುಂಞಿ ಮೋನು ಅವರನ್ನು. ನೀರಿಗಾಗಿ ಗುಡ್ಡದ ಹೊಟ್ಟೆಯೊಳಗೆ ಅಡ್ಡಕ್ಕೆ ಸುರಂಗ ತೋಡುವವರು ಅವರು. ಆ ಕಡೆಯ ಮೂವತ್ತು ನಲವತ್ತು ಮನೆಗಳು ಅವರು ತೋಡಿದ ನೀರು ಕುಡಿಯುತ್ತವೆ. ಹಾರೆ, ಪಿಕಾಸಿ, ಬುಟ್ಟಿ ಅವರ ಮನೆಯಲ್ಲಿ ಅಲ್ಲದೆ ಬೇರೆ ಎಲ್ಲಿ ಇರಬೇಕು?

ಹದಿನೇಳು ಇಚಿಲಂಪಾಡಿಯದ್ದಲ್ಲ. ನಮ್ಮ ಮನೆಯ ಹಿಂದಿನ ಗುಡ್ಡೆಯದ್ದು.

ಜನವರಿ ಏಳರ ಬೆಳಿಗ್ಗೆ ನಾನು ಒಂಬತ್ತನೆಯ ಮಾದರಿ ಸಿಕ್ಕಿದ ಕಡೆ ಹೋಗಿದ್ದೆ. ಅಲ್ಲಿಂದ ಸ್ವಲ್ಪ ಮೇಲೆ ಇನ್ನೊಂದು ಬಿಲವಿತ್ತು. ಅದರ ಬಾಯನ್ನು ಯಾರೋ ಅಗೆದು ಅಗಲ ಮಾಡಿದ್ದರು. ಹಸಿ ಸೊಪ್ಪು ಸುಟ್ಟು ಹೊಗೆ ಹಾಕಿದ ಬೂದಿ ಇತ್ತು. ಪಕ್ಕದಲ್ಲಿ ಒಂದು ಹಾರೆ ಬಿದ್ದಿತ್ತು. ನಮ್ಮ ಅಪ್ಪ ಜತ್ತಪ್ಪ ಹಿಡಿಗೆ ತಂತಿ ಸುತ್ತಿ ಬಿಗಿ ಮಾಡಿದ್ದ ಹಾರೆ, ನಮ್ಮ ಮನೆಯದ್ದು. ಆಚೆ ಒಂದು ಬಂಡೆಯ ಸಂದಿನಲ್ಲಿ ಸಣ್ಣ ಹಿಕ್ಕೆ. ತಾಯಿಯನ್ನು ಹಿಡಿದಾಗ ಮರಿ ಅಲ್ಲಿ ಅಡಗಿದ್ದಿರಬೇಕು.

ಕೈಗೆ ಅಭ್ಯಾಸವಾಗಿತ್ತಲ್ಲ, ಹಿಕ್ಕೆಯನ್ನು ಕೊಳವೆಗೆ ಹಾಕಿಕೊಂಡೆ. ಸ್ಥಳ ಬರೆಯುವಾಗ ಪೆನ್ನು ನಿಂತಿತು. ನಿಜ ಬರೆದರೆ ನೀವು ಕ್ಯಾಮರಾ ಕಟ್ಟಲು ಜನ ಕಳಿಸುತ್ತೀರಿ, ಅವರು ಬೂದಿ ನೋಡುತ್ತಾರೆ. ಇಚಿಲಂಪಾಡಿ ಎಂದು ಬರೆದೆ. ದೂರದ ಒಂದು ಹೆಸರು ಬೇಕಿತ್ತು, ಅಷ್ಟೆ. ಅಲ್ಲಿಯೂ ಮನುಷ್ಯರು ಇದ್ದಾರೆಂದು ಯೋಚಿಸಲಿಲ್ಲ. ಜಿಪಿಎಸ್ ಯಂತ್ರ ಹಾಳಾಗಿರಲಿಲ್ಲ.

ಹಾರೆಯನ್ನು ತೊಳೆದು ಅದರ ಜಾಗದಲ್ಲಿ ಇಟ್ಟೆ. ಜಯಪ್ರಕಾಶ ನೋಡಿದ. ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಎಂಟು ತಿಂಗಳು ಇಬ್ಬರೂ ಅದೇ ಹಾರೆಯಲ್ಲಿ ಕೆಲಸ ಮಾಡಿದೆವು.

ಮೊನ್ನೆ ಸಂಜೆ ಅವನು ಜೀಪು ತೊಳೆಯುತ್ತಿದ್ದ. ನಿಮ್ಮ ಕಾಗದ ಅವನ ಕೈಗೆ ಕೊಟ್ಟೆ. ಓದಿ, ಮಡಚಿ, ಹಿಂದೆ ಕೊಟ್ಟ.

"ಈಗ ಎಂತ ಮಾಡುದು?" ಎಂದೆ.

"ಎಂತ ಮಾಡ್ಲಿಕ್ಕುಂಟು? ಪ್ರೂಫ್ ಇಲ್ಲದಿದ್ರೆ ಅವ್ರನ್ನು ಬಿಡ್ತಾರೆ."

"ಪ್ರೂಫ್ ನಾನು ಬರೆದು ಕೊಟ್ಟದ್ದು."

"ಹಾಗಾದ್ರೆ ಅದು ನಿನ್ನ ತಪ್ಪು. ನನ್ನನ್ನು ಯಾಕೆ ಕೇಳ್ತಿ?" ಸ್ವಲ್ಪ ಹೊತ್ತು ನೀರು ಹಾಕಿದ. ಮತ್ತೆ ಹೇಳಿದ, "ಒಂದೇ ಸಲ ಮಾಡಿದ್ದು ಅಕ್ಕ. ಒಬ್ಬ ಬೇಕು ಅಂತ ಕೇಳಿದ, ಮಾಡಿದೆ. ಅದು ಚೆಂಡಿನ ಹಾಗೆ ಸುರುಟಿಕೊಂಡು ಸುಮ್ಮನೆ ಕೂತಿತು. ಕಚ್ಚಲೂ ಇಲ್ಲ. ಆಮೇಲೆ ನಾನು ಆ ಗುಡ್ಡೆಗೆ ಹೋಗ್ಲೇ ಇಲ್ಲ. ನೀನು ಹಾರೆ ತೊಳೆದು ಇಟ್ಟದ್ದು ನೋಡಿದಾಗ ಅಂದುಕೊಂಡೆ, ಅಕ್ಕ ಯಾರಿಗೂ ಹೇಳುದಿಲ್ಲ ಅಂತ."

ಆ ಮಾತು ನನ್ನನ್ನು ಮುರಿಯಿತು. ಅವನು ನನ್ನ ಮೇಲೆ ಇಟ್ಟ ನಂಬಿಕೆ ಅದು.

"ಮೋಕ್ಷಿತಾಳಿಗೆ ಆರು ವರ್ಷ. ನನ್ನ ಮಗಳ ಮುಖ ನೋಡು," ಎಂದ.

"ಕುಂಞಿ ಮೋನು ಅವರಿಗೆ ಅರವತ್ತನಾಲ್ಕು," ಎಂದೆ. "ನಾಳೆ ನನ್ನ ಜೊತೆ ಬಾ. ನೀನೇ ಹೇಳಿದ್ರೆ ಒಳ್ಳೆದು."

ಅವನು ಬಕೆಟನ್ನು ಒದ್ದು ಜೀಪು ಹತ್ತಿ ಹೋದ. ಬೆಳಿಗ್ಗೆಯವರೆಗೂ ಬರಲಿಲ್ಲ. ನಾನು ಬಸ್ಸಿನಲ್ಲಿ ಒಬ್ಬಳೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ಹಾರೆಯನ್ನೂ ಕೊಟ್ಟೆ. ಇವತ್ತು ಮಧ್ಯಾಹ್ನ ಕಡಬದ ಪೇಟೆಯಲ್ಲಿ ಅವನನ್ನು ಹಿಡಿದರಂತೆ. ಅವನ ಹೆಂಡತಿ ಭವಿತಾ ಮಗಳನ್ನು ಕರೆದುಕೊಂಡು ರಾಮಕುಂಜಕ್ಕೆ ತವರಿಗೆ ಹೋದಳು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ನಿಮಗೂ ಮೋಸ ಮಾಡಿದೆ. ಕ್ಷಮಿಸಿ ಎಂದು ಬರೆಯಲು ಧೈರ್ಯ ಬರುವುದಿಲ್ಲ.

ದಮಯಂತಿ

*

ಹೈದರಾಬಾದ್
30 ಸೆಪ್ಟೆಂಬರ್ 2023

ದಮಯಂತಿ ಅಕ್ಕ,

ಎರಡು ಸಲ ಬರೆದು ಹರಿದೆ. ಮೊದಲ ಕಾಗದದಲ್ಲಿ ನಿಮ್ಮನ್ನು ಬೈದಿದ್ದೆ. ಎರಡನೆಯದರಲ್ಲಿ ದೊಡ್ಡ ಮನಸ್ಸಿನವಳಂತೆ ಕ್ಷಮಿಸಿದ್ದೆ. ಎರಡೂ ಸುಳ್ಳು.

ನಿಜ ಇದು. ಒಂಬತ್ತು ಹದಿನೇಳರ ತಂದೆ ಎಂದು ತಿಳಿದ ದಿನವೇ ಸ್ಥಳ ತಪ್ಪಿರಬೇಕೆಂದು ನನಗೆ ಅನ್ನಿಸಿತ್ತು. ಅಂಥ ಪ್ರಾಣಿ ಅಷ್ಟು ದೂರ ಹೋಗುವುದು ಹೆಚ್ಚೂಕಡಿಮೆ ಆಗದ ಮಾತು. ಜೊತೆಯಲ್ಲಿ ಕೆಲಸ ಮಾಡುವ ಕಿಶನ್ ಬಾಯಿಬಿಟ್ಟು ಹೇಳಿದ: "ಒಮ್ಮೆ ಹೋಗಿ ನೋಡಿ ಬಾ, ಮಾರಾಯ್ತಿ." ಹೋಗಲಿಲ್ಲ. ಹೋದರೆ ಆ ದೊಡ್ಡ ಸಂಶೋಧನೆ ಕೈಬಿಟ್ಟು ಹೋಗುತ್ತಿತ್ತು. 'ಬರೆಯದಿದ್ದರೆ ಸರಿ ಎಂದುಕೊಳ್ಳುತ್ತೇನೆ' ಎಂದು ನಿಮಗೆ ಬರೆದೆನಲ್ಲ, ನೀವು ಬರೆಯದೇ ಇರಲಿ ಎಂದೇ ಹಾಗೆ ಬರೆದದ್ದು.

ನೀವು ಸುಳ್ಳು ಹೇಳಿದ್ದು ಬೆಳೆಸಿದ ತಮ್ಮನಿಗಾಗಿ. ನಾನು ಅದನ್ನು ನಂಬಿದ್ದು ನನ್ನ ಹೆಸರಿಗಾಗಿ. ಇಲಾಖೆಗೆ ಹೋದ ವರದಿಯ ಕೆಳಗೆ ನನ್ನ ಸಹಿ ಇದೆ, ನಿಮ್ಮದಲ್ಲ. ಅನುಮಾನವಿದೆ ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಿದ್ದರೆ ಆ ಹಿರಿಯರು ಮನೆಯಲ್ಲೇ ಇರುತ್ತಿದ್ದರು.

ತಿದ್ದಿದ ವರದಿ ಕಳಿಸಿದ್ದೇನೆ. ಪ್ರಬಂಧವನ್ನು ಹಿಂದೆ ಪಡೆಯುತ್ತೇನೆಂದು ನನ್ನ ಮಾರ್ಗದರ್ಶಕರಿಗೆ ಹೇಳಿದೆ. ಅವರು ಎದ್ದು ಹೋದರು.

ಗಾನಶ್ರೀ

*

ಅರಂತೋಡು
17 ಡಿಸೆಂಬರ್ 2023

ಗಾನಶ್ರೀ,

ಕುಂಞಿ ಮೋನು ಅವರು ಇಪ್ಪತ್ತಮೂರು ದಿನ ಒಳಗಿದ್ದು ಹೊರಗೆ ಬಂದರು. ನಾನು ಅವರನ್ನು ಕಾಣಲು ಹೋಗುವುದಕ್ಕೆ ಮೂರು ತಿಂಗಳು ತೆಗೆದುಕೊಂಡೆ.

ಅಂಗಳದಲ್ಲಿ ಕೂತಿದ್ದರು. ಮಗ ಅಸ್ಕರ್ ನನ್ನನ್ನು ಕಂಡು ಒಳಗೆ ಹೋದ. ನಾನು ಯಾರೆಂದು ಹೇಳಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಅಡ್ಡ ಬಾಯಿ ಹಾಕದೆ ಕೇಳಿದರು.

"ನಾನು ಐವತ್ತು ವರ್ಷ ಗುಡ್ಡೆ ಒಳಗೆ ಹೋದದ್ದು ನೀರಿಗೆ," ಎಂದರು. "ಮೇಲಿಂದ ಮಣ್ಣು ಬೀಳುವಾಗ ಸಹ ಹೆದರಿದವ ಅಲ್ಲ. ಅಲ್ಲಿ ಆ ಕೋಣೆಯಲ್ಲಿ ಹೆದರಿದೆ. ನೀವು ಸತ್ಯ ಹೇಳಿದ್ದು ಒಳ್ಳೆದಾಯ್ತು, ಇಲ್ಲ ಅನ್ನುದಿಲ್ಲ. ಆದ್ರೆ ಆ ಇಪ್ಪತ್ತಮೂರು ದಿನ ಉಂಟಲ್ಲ, ಅದು ನೀವು ತಂದು ಕೊಡುವ ವಸ್ತು ಅಲ್ಲ."

ಈಗ ಯಾರೂ ಅವರನ್ನು ಕೆಲಸಕ್ಕೆ ಕರೆಯುತ್ತಿಲ್ಲವಂತೆ. ಬಿಟ್ಟು ಕಳಿಸಿದ ಸುದ್ದಿ, ಹಿಡಿದ ಸುದ್ದಿಯಷ್ಟು ದೂರ ಹೋಗಿಲ್ಲ.

"ನನ್ನ ಮನೆಗೆ ಬಂದು ಹೇಳಿದ್ರಿ," ಎಂದರು. "ನಂಗೆ ಗೊತ್ತಿತ್ತಲ್ಲ, ನಾನು ಮಾಡ್ಲಿಲ್ಲ ಅಂತ. ಗೊತ್ತಿಲ್ಲದವರಿಗೆ ಹೇಳಿ. ಕೆಳಗೆ ಹೋಟೆಲಿನಲ್ಲಿ ಹೇಳಿ."

ಇಬ್ಬರೂ ನಡೆದು ಹೋದೆವು. ಅವರು ಒಂದು ಬೆಂಚಿನಲ್ಲಿ ಕೂತು ಚಾ ಕೇಳಿದರು. ಏಳೆಂಟು ಜನ ಇದ್ದರು. ನಾನು ಬಾಗಿಲಲ್ಲಿ ನಿಂತು ಹೇಳಿದೆ: "ನಾನು ಅರಂತೋಡಿನ ದಮಯಂತಿ. ಚಿಪ್ಪುಹಂದಿ ಕೊಂದದ್ದು ನನ್ನ ತಮ್ಮ. ಇವರ ಗುಡ್ಡೆ ಅಂತ ಸುಳ್ಳು ಬರೆದದ್ದು ನಾನು." ಬೆಂಚಿನ ಕೊನೆಯಲ್ಲಿದ್ದ ಒಬ್ಬರು, "ಕೇಳ್ಲಿಲ್ಲ, ಸ್ವಲ್ಪ ದೊಡ್ಡಕ್ಕೆ," ಎಂದರು. ಇನ್ನೊಮ್ಮೆ ಹೇಳಿದೆ.

ಕುಂಞಿ ಮೋನು ಅವರು ಚಾ ಮುಗಿಸಿ ಲೋಟ ಇಟ್ಟು ಮನೆಗೆ ಹೋದರು.

ಜಯಪ್ರಕಾಶನಿಗೆ ಜಾಮೀನು ಸಿಕ್ಕಿದೆ. ರಾಮಕುಂಜದಲ್ಲೇ ಇದ್ದಾನೆ.

ದಮಯಂತಿ

*

ನರಿಮೊಗರು, ಪುತ್ತೂರು ತಾಲೂಕು
4 ಜೂನ್ 2024

ದಮಯಂತಿ ಅಕ್ಕ,

ವಿಳಾಸ ನೋಡಿ ಆಶ್ಚರ್ಯಪಡಬೇಡಿ. ನನ್ನ ಫೆಲೋಶಿಪ್ ಮುಂದುವರಿಯಲಿಲ್ಲ. ಅಮ್ಮ ವಸುಮತಿಗೆ ಮಗಳು ಮನೆಗೆ ಬಂದಳೆಂಬ ಸಂತೋಷ. ಯಾಕೆ ಬಂದಳೆಂದು ಕೇಳುವುದಿಲ್ಲ. ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ.

ಕಿಶನ್ ಕೆಲಸ ಬಿಟ್ಟಿಲ್ಲ. ಸರಿಯಾದ ಸ್ಥಳದೊಂದಿಗೆ ಎಲ್ಲವನ್ನೂ ಮತ್ತೆ ಹೋಲಿಸುತ್ತಿದ್ದಾನೆ, ನಾನು ಇಲ್ಲಿಂದಲೇ ಸಹಾಯ ಮಾಡುತ್ತೇನೆ. ಈಗ ಕಾಣುವ ಚಿತ್ರ ಬೇರೆ. ಚಿಪ್ಪುಹಂದಿಗಳು ದೂರ ಹೋಗುತ್ತಿಲ್ಲ. ನಿಮ್ಮ ಗುಡ್ಡೆಯವು ಹತ್ತಿರದ ಸಂಬಂಧದಲ್ಲೇ ಮರಿ ಹಾಕುತ್ತಿವೆ. ಸುತ್ತ ದಾರಿ ಇಲ್ಲದೆ ಅಲ್ಲೇ ಸಿಕ್ಕಿಬಿದ್ದಿವೆ. ನನ್ನ ಪ್ರಬಂಧ ಇದಕ್ಕೆ ತದ್ವಿರುದ್ಧ ಹೇಳಿತ್ತು. ಅದನ್ನು ನಂಬಿ, ಇವಕ್ಕೆ ಏನೂ ತೊಂದರೆ ಇಲ್ಲವೆಂದು ಎಲ್ಲರೂ ಸುಮ್ಮನಿದ್ದುಬಿಡುತ್ತಿದ್ದರು.

ಅಂಥ ಗುಡ್ಡೆಯಲ್ಲಿ ಒಂದು ತಾಯಿ ಹೋದರೆ ಎಷ್ಟು ಹೋದಂತೆ ಎಂದು ಈಗ ಲೆಕ್ಕ ಹಾಕಬಲ್ಲೆ. ಹಾಕಲು ಮನಸ್ಸಾಗುವುದಿಲ್ಲ.

ಕೋರ್ಟಿನಿಂದ ನನಗೂ ಸಾಕ್ಷಿಗೆ ಕರೆ ಬರಲಿದೆ. ಬರುತ್ತೇನೆ. ಅನುಮಾನವಿದ್ದೂ ಮುಚ್ಚಿಟ್ಟೆ ಎಂಬುದನ್ನೂ ಹೇಳುತ್ತೇನೆ.

ಗಾನಶ್ರೀ

*

ನರಿಮೊಗರು
11 ಮೇ 2025

ದಮಯಂತಿ ಅಕ್ಕ,

ಸುಳ್ಯದ ಕೋರ್ಟಿನ ಜಗಲಿಯಲ್ಲಿ ನೀವು ಕೂತಿದ್ದಿರಿ. ನಾನು ಹತ್ತಿರ ಬಂದೆ. ನೀವು ಸರಿದು ಜಾಗ ಕೊಟ್ಟಿರಿ. ಇಷ್ಟು ಕಾಗದ ಬರೆದವರಿಗೆ ಎದುರು ಕೂತಾಗ ಒಂದು ಮಾತೂ ಸಿಗಲಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಜೀನೋಮಿನ ಕೆಲಸ ಮುಗಿದಿದೆ, ಯಾರು ಬೇಕಾದರೂ ಓದುವಂತೆ ಬಿಡುಗಡೆ ಮಾಡುತ್ತಾರೆ. ಮಾದರಿ ಸಂಗ್ರಹಿಸಿದವರ ಹೆಸರು ಅದರಲ್ಲಿ ಇರುತ್ತದೆ. ಹದಿನೇಳರ ಬಗ್ಗೆ ಒಂದು ತಿದ್ದುಪಡಿಯೂ ಇರುತ್ತದೆ. ಬೇಡವೆಂದರೆ ನಿಮ್ಮ ಹೆಸರು ತೆಗೆಯುವಂತೆ ಕಿಶನ್‌ಗೆ ಹೇಳುತ್ತೇನೆ. ಈ ಸಲ ಉತ್ತರ ಬರುವವರೆಗೆ ಕಾಯುತ್ತೇನೆ. ಉತ್ತರ ಬಾರದಿದ್ದರೆ ಸರಿ ಎಂದುಕೊಳ್ಳುವುದಿಲ್ಲ.

ಗಾನಶ್ರೀ

*

ಅರಂತೋಡು
22 ಜೂನ್ 2025

ಗಾನಶ್ರೀ,

ಹೆಸರು ಇರಲಿ. ತಿದ್ದುಪಡಿಯ ಪಕ್ಕದಲ್ಲೂ ಅದೇ ಹೆಸರು ಇರಲಿ.

ಈ ತಿಂಗಳ ಹದಿನೆಂಟಕ್ಕೆ ತೀರ್ಪು ಬಂತು. ಜಯಪ್ರಕಾಶನಿಗೆ ಮೂರು ವರ್ಷ ಜೈಲು. ಚೀಲ ಸಾಗಿಸಿದವನಿಗೆ ಮತ್ತು ಕೊಂಡವನಿಗೆ ಅದಕ್ಕಿಂತ ಹೆಚ್ಚು. ಜಯಪ್ರಕಾಶ ತೀರ್ಪನ್ನು ತಲೆ ಎತ್ತಿ ಕೇಳಿದ. ಕರೆದುಕೊಂಡು ಹೋಗುವ ಮೊದಲು ಜಗಲಿಯಲ್ಲಿ ಎರಡು ನಿಮಿಷ ಬಿಟ್ಟರು. ಭವಿತಾಳ ಹತ್ತಿರ ಮಾತಾಡಿದ. ನಾನು ಕಂಬದ ಹತ್ತಿರ ನಿಂತಿದ್ದೆ.

"ಅಕ್ಕ," ಎಂದ.

ಇಪ್ಪತ್ತೊಂದು ತಿಂಗಳ ಮೇಲೆ ಕೇಳಿದ ಮಾತು ಅದು. ಹತ್ತಿರ ಹೋದೆ.

"ಭವಿತಾಳಿಗೆ ಸುಳ್ಯದ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ಏಳೂಕಾಲರ ಬಸ್ಸು. ಅವರಿಬ್ಬರು ಇನ್ನು ನಮ್ಮ ಮನೆಯಲ್ಲೇ ಇರುದು. ಮೋಕ್ಷಿತಾಳನ್ನು ಶಾಲೆಗೆ ಬಿಡ್ಲಿಕ್ಕೆ ಜನ ಇಲ್ಲ."

"ನಾನು ಬಿಡ್ತೇನೆ."

"ಅವಳು ಕೇಳ್ತಾಳೆ, ಎಂತ ಆಯ್ತು ಅಂತ." ಅವನ ಕಣ್ಣು ತುಂಬಿತು. "ಅವಳಿಗೆ ಸುಳ್ಳು ಹೇಳ್ಬೇಡ."

ಈಗ ನಮ್ಮ ಮನೆಯಲ್ಲಿ ಎರಡು ಒಲೆ. ಭವಿತಾ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾಳೆ: ಬುತ್ತಿ ಕಟ್ಟಿ ಇಟ್ಟಿದ್ದೇನೆ, ಕೊಡೆ ಚೀಲದಲ್ಲುಂಟು. ಅದಕ್ಕಿಂತ ಹೆಚ್ಚು ನಾನು ಬಯಸುವ ಹಾಗಿಲ್ಲ.

ಮೊನ್ನೆ ಮೊದಲ ದಿನ ಮಗುವನ್ನು ಕರೆದುಕೊಂಡು ಹೊರಟೆ. ಅವಳಿಗೆ ಈಗ ಎಂಟು. ಗೇಟು ದಾಟಿದ ಮೇಲೆ ಕೇಳಿದಳು.

"ಅತ್ತೆ, ಪಪ್ಪನನ್ನು ಹಿಡಿದು ಕೊಟ್ಟದ್ದು ನೀನಾ?"

"ಹೌದು."

"ಯಾಕೆ?"

"ಪಪ್ಪ ಒಂದು ತಪ್ಪು ಮಾಡಿದ. ನಾನು ಅದನ್ನು ಅಡಗಿಸಿದೆ. ಅಡಗಿಸಿದ್ದಕ್ಕೆ, ಏನೂ ಮಾಡದ ಒಬ್ಬ ಅಜ್ಜ ಜೈಲಿಗೆ ಹೋದರು."

"ನಿನ್ನನ್ನು ಯಾಕೆ ಹಿಡಿಯಲಿಲ್ಲ?"

ಕೋರ್ಟಿನಲ್ಲಿ ಯಾವ ವಕೀಲರೂ ನನ್ನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. "ಗೊತ್ತಿಲ್ಲ ಮಗ. ಹಿಡಿಯಬಹುದಿತ್ತು," ಎಂದೆ.

ಅವಳು ನನ್ನನ್ನು ಬಿಟ್ಟು ಮುಂದೆ ನಡೆದಳು. ನಾನು ಹಿಂದಿನಿಂದ ಹೋದೆ. ಅವಳ ಬೆನ್ನಿನ ಚೀಲ ಮಾತ್ರ ಕಾಣುತ್ತಿತ್ತು. ಹೆದ್ದಾರಿಯ ಆಚೆ ಬದಿಗೆ ಶಾಲೆ. ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ರಸ್ತೆಯ ಅಂಚಿಗೆ ಬಂದು ಅವಳು ನಿಂತಳು. ತಿರುಗಿ ನೋಡಲಿಲ್ಲ. ನಾನು ಪಕ್ಕಕ್ಕೆ ಬಂದು ನಿಂತಾಗ ಲಾರಿಗಳನ್ನೇ ನೋಡುತ್ತ ಕೈ ಚಾಚಿದಳು.

ಹಿಡಿದುಕೊಂಡು ದಾಟಿದೆವು.

ದಮಯಂತಿ